ಬಾರದ ಅತಿಥಿಗಳಿಗಾಗಿ ಕಟ್ಟಿದ ಮನೆಗಳು: ಡರ್ಬಿಶೈರ್‌ನಲ್ಲಿ ಒಂದು ಸುತ್ತು

ಗುರುವಾರ: ಹಾರ್ಡ್‌ವಿಕ್ ಹಾಲ್

ಡರ್ಬಿಯಿಂದ ಎಂ1 ಮೋಟರ್‌ವೇ ಹಿಡಿದು ಉತ್ತರಕ್ಕೆ ಹೊರಟರೆ, 29ನೇ ಜಂಕ್ಷನ್ ಬರುವ ಮುಂಚೆ ಬಲಗಡೆ ಗುಡ್ಡದ ಮೇಲೆ ಹಾರ್ಡ್‌ವಿಕ್ ಹಾಲ್ ಕಾಣಿಸುತ್ತದೆ. ಬಿಸಿಲಿದ್ದರಂತೂ ಮೊದಲು ಕಣ್ಣಿಗೆ ಬೀಳುವುದು ಗಾಜು. ಸಾಲು ಸಾಲು ಕಿಟಕಿ, ಕೆಳಗಿನಿಂದ ಮೇಲಕ್ಕೆ ಹೋದಂತೆಲ್ಲ ದೊಡ್ಡದಾಗುವ ಕಿಟಕಿ. 'ಹಾರ್ಡ್‌ವಿಕ್‌ನಲ್ಲಿ ಗೋಡೆಗಿಂತ ಗಾಜೇ ಜಾಸ್ತಿ' ಅಂತ ಈ ಕಡೆಯ ಜನ ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆ ಕಾಲಕ್ಕೆ ಗಾಜು ಭಾರೀ ದುಬಾರಿ. ಅಷ್ಟು ಗಾಜು ಹಾಕಿಸಿದವರು ದುಡ್ಡನ್ನೇ ಗೋಡೆಗೆ ಜೋಡಿಸಿದ ಹಾಗೆ.

ನನ್ನ ಅಕ್ಕ, ಭಾವ ಡರ್ಬಿಯಲ್ಲಿ ಇರುವುದರಿಂದ ಈ ಜಿಲ್ಲೆಯ ದೊಡ್ಡ ಮನೆಗಳನ್ನು ಒಂದೊಂದಾಗಿ, ಅವಸರವಿಲ್ಲದೆ ನೋಡಬೇಕು ಅಂತ ತುಂಬ ದಿನದಿಂದ ಆಸೆ ಇತ್ತು. ಯಾವುದನ್ನು ಮೊದಲು ನೋಡಬೇಕು ಅಂತ ಭಾವನನ್ನು ಕೇಳಿದೆ. "ಹಾರ್ಡ್‌ವಿಕ್‌ನಿಂದಲೇ ಶುರುಮಾಡಮ್ಮ. ಮಿಕ್ಕಿದ್ದಕ್ಕೆಲ್ಲ ಅದೇ ಬೇರು" ಅಂದರು. ಅವರ ಮಾತು ಸರಿಯಾಗಿತ್ತು.

ಈ ಮನೆ ಕಟ್ಟಿಸಿದ್ದು ಒಬ್ಬ ಹೆಂಗಸು. ಹೆಸರು ಎಲಿಜಬೆತ್, ಜನ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಅಂತ. ಸುಮಾರು 1527ರಲ್ಲಿ, ಇದೇ ಜಾಗದಲ್ಲಿ ಸಣ್ಣ ಜಮೀನ್ದಾರನೊಬ್ಬನ ಮಗಳಾಗಿ ಹುಟ್ಟಿದಳು. ನಾಲ್ಕು ಮದುವೆಯಾದಳು, ನಾಲ್ವರು ಗಂಡಂದಿರೂ ಇವಳಿಗಿಂತ ಮುಂಚೆ ತೀರಿಕೊಂಡರು. ಎರಡನೆಯವನು ಸರ್ ವಿಲಿಯಂ ಕ್ಯಾವೆಂಡಿಶ್. ಮಕ್ಕಳೆಲ್ಲ ಅವನಿಂದಲೇ. ಕೊನೆಯವನು ಶ್ರೂಸ್‌ಬರಿಯ ಅರ್ಲ್. ಇಂಗ್ಲೆಂಡಿನ ಭಾರೀ ಶ್ರೀಮಂತರಲ್ಲಿ ಒಬ್ಬ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಹದಿನೈದು ವರ್ಷ ಸೆರೆಯಲ್ಲಿ ಇಟ್ಟುಕೊಂಡು ಕಾಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಗಂಡ ಹೆಂಡತಿಗೆ ಕೊನೆಕೊನೆಗೆ ಬದ್ಧ ದ್ವೇಷ. 1590ರಲ್ಲಿ ಅವನು ಸತ್ತ. ಆ ಹೊತ್ತಿಗೇ ಇವಳು ಹೊಸ ಮನೆಗೆ ಪಾಯ ತೆಗೆಸಿದ್ದಳು. 1597ರ ಅಕ್ಟೋಬರ್ 4ರಂದು, ಎಪ್ಪತ್ತರ ಸುಮಾರಿನಲ್ಲಿ, ಒಳಗೆ ಬಂದು ವಾಸ ಶುರುಮಾಡಿದಳು. ನಕ್ಷೆ ರಾಬರ್ಟ್ ಸ್ಮಿತ್‌ಸನ್ ಎಂಬವನದ್ದು ಅನ್ನುತ್ತಾರೆ. ಕಲ್ಲು ಕೆಳಗಿನ ಗುಡ್ಡದ್ದು. ಗಾಜು ಅವಳದೇ ಕಾರ್ಖಾನೆಯದು, ಸೀಸ ಅವಳದೇ ಗಣಿಯದು.

ಆರು ಗೋಪುರಗಳ ನೆತ್ತಿಯಲ್ಲಿ ಕಲ್ಲಿನಲ್ಲಿ ಕೊರೆದ 'ಇ ಎಸ್' ಅಕ್ಷರಗಳಿವೆ, ಮೇಲೊಂದು ಕಿರೀಟ. ಎಲಿಜಬೆತ್ ಶ್ರೂಸ್‌ಬರಿ. ಅಕ್ಷರಗಳ ಸಂದಿಯಲ್ಲಿ ಆಕಾಶ ಕಾಣುತ್ತದೆ. ಎಷ್ಟು ದೂರದಿಂದ ನೋಡಿದರೂ ಇದು ಯಾರ ಮನೆ ಅಂತ ಗೊತ್ತಾಗಬೇಕು, ಅಷ್ಟೇ.

ಒಳಗೆ ಮೂರು ಅಂತಸ್ತು. ನೆಲಮಟ್ಟದಲ್ಲಿ ಆಳುಕಾಳುಗಳು ಮತ್ತು ಅಡುಗೆಮನೆ. ನಡುವೆ ಮನೆಯವರು. ಎಲ್ಲಕ್ಕಿಂತ ಮೇಲಿನದು ರಾಜಮರ್ಯಾದೆಯ ಕೋಣೆಗಳು. ಮೇಲೆ ಹೋದಂತೆ ಛಾವಣಿ ಎತ್ತರ, ಬೆಳಕು ಜಾಸ್ತಿ, ಒಳಗೆ ಬಿಡುವ ಜನ ಕಡಿಮೆ. ಯಾರನ್ನು ಎಲ್ಲಿಯವರೆಗೆ ಬಿಡಬೇಕು ಅನ್ನುವುದು ಮೆಟ್ಟಿಲಿನಲ್ಲೇ ತೀರ್ಮಾನವಾಗಿದೆ. ಆ ಮೆಟ್ಟಿಲು ನಿಜಕ್ಕೂ ನೋಡಬೇಕಾದದ್ದು. ಅಗಲವಾದ ಕಲ್ಲಿನ ಹಾಸು. ಅಲ್ಲಿ ಇಲ್ಲಿ ತಿರುಗುತ್ತ, ಕತ್ತಲು ದಾಟಿ ಬೆಳಕಿಗೆ ಬರುತ್ತ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಏರುತ್ತದೆ. ಊಟದ ತಟ್ಟೆಗಳೂ ಇದೇ ದಾರಿಯಲ್ಲಿ, ಆಳುಗಳ ಮೆರವಣಿಗೆಯಲ್ಲಿ ಮೇಲೆ ಹೋಗುತ್ತಿದ್ದವು. "ಅಷ್ಟು ದೂರ ಹೊತ್ತರೆ ಸಾರು ಬಿಸಿ ಇರುತ್ತಾ?" ಅಂದಳು ಅಕ್ಕ. ಇರುತ್ತಿರಲಿಲ್ಲ. ಊಟ ಬಿಸಿಯಾಗಿರುವುದಕ್ಕಿಂತ ಅದು ಬರುವ ವೈಭವ ಮುಖ್ಯವಾಗಿದ್ದ ಕಾಲ.

ಮೆಟ್ಟಿಲು ಮುಗಿದಲ್ಲಿ ಹೈ ಗ್ರೇಟ್ ಚೇಂಬರ್. ಗೋಡೆಯ ಕೆಳಭಾಗದಲ್ಲಿ ಗ್ರೀಕ್ ವೀರ ಯುಲಿಸಿಸ್‌ನ ಕಥೆ ನೆಯ್ದ ಟ್ಯಾಪೆಸ್ಟ್ರಿಗಳು, ಅಂದರೆ ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆಗಳು. ಅದರ ಮೇಲೆ ಸುತ್ತಲೂ ಗಾರೆಯಲ್ಲಿ ಉಬ್ಬುಕೆತ್ತನೆಯಾಗಿ ಮೂಡಿಸಿ ಬಣ್ಣ ಬಳಿದ ಒಂದು ಇಡೀ ಕಾಡು. ಬೇಟೆಯ ದೇವತೆ ಡಯಾನಾ ಕೂತಿದ್ದಾಳೆ, ಸುತ್ತ ಸಖಿಯರು, ಜಿಂಕೆ, ಹಂದಿ, ಸಿಂಹ. ಬಣ್ಣ ಈಗ ಮಾಸಿದೆ. ಆದರೂ ಮರಗಳ ಕಾಂಡ ಗೋಡೆಯಿಂದ ಹೊರಗೆ ಬಂದ ಹಾಗೇ ಇವೆ. ಮದುವೆಯಾಗದ ಎಲಿಜಬೆತ್ ರಾಣಿಯನ್ನು ಜನ ಕನ್ಯೆ ಡಯಾನಾಗೆ ಹೋಲಿಸಿ ಹೊಗಳುತ್ತಿದ್ದರು. ಅಗ್ಗಿಷ್ಟಿಕೆಯ ಮೇಲೆ ಆ ರಾಣಿಯದೇ ರಾಜಲಾಂಛನ. ಇಡೀ ಕೋಣೆ ರಾಣಿಗೆ ಹಾಸಿದ ಸ್ವಾಗತ. ರಾಣಿ ಮಾತ್ರ ಹಾರ್ಡ್‌ವಿಕ್‌ಗೆ ಬರಲೇ ಇಲ್ಲ. 1603ರಲ್ಲಿ ತೀರಿಕೊಂಡಳು.

ಇನ್ನೊಂದು ಆಸೆಯೂ ಇಲ್ಲಿ ಇತ್ತು. ಬೆಸ್‌ಳ ಮೊಮ್ಮಗಳು ಆರ್ಬೆಲ್ಲಾ ಸ್ಟುವರ್ಟ್‌ಗೆ ತಂದೆಯ ಕಡೆಯಿಂದ ಸಿಂಹಾಸನದ ಹಕ್ಕಿತ್ತು. ಮೊಮ್ಮಗಳು ರಾಣಿಯಾಗಬಹುದು ಅಂತ ಅಜ್ಜಿ ಅವಳನ್ನು ಇದೇ ಮನೆಯಲ್ಲಿ ಕಣ್ಣಿಟ್ಟು ಕಾದಳು. ಹುಡುಗಿಗೆ ಅದು ಉಸಿರುಗಟ್ಟಿಸಿತು. ತಪ್ಪಿಸಿಕೊಳ್ಳಲು ನೋಡಿದಳು, ಅಜ್ಜಿಯ ಜೊತೆ ಮನಸ್ತಾಪವಾಯಿತು. ಕೊನೆಗೆ ಇನ್ನೊಬ್ಬ ರಾಜನ ಕಾಲದಲ್ಲಿ, ಅಪ್ಪಣೆಯಿಲ್ಲದೆ ಮದುವೆಯಾದ ತಪ್ಪಿಗೆ ಸೆರೆಸಿಕ್ಕಿ 1615ರಲ್ಲಿ ಲಂಡನ್ ಟವರ್‌ನಲ್ಲಿ ಸತ್ತಳು. ಈ ಮನೆಯಲ್ಲಿ ನನಗೆ ಹೆಚ್ಚು ಸಂಕಟವಾದದ್ದು ಅವಳನ್ನು ನೆನೆದು. ಇಷ್ಟು ಕಿಟಕಿ ಇರುವ ಮನೆಯಲ್ಲಿ ಅವಳಿಗೊಂದು ಬಾಗಿಲು ಇರಲಿಲ್ಲ.

ಲಾಂಗ್ ಗ್ಯಾಲರಿ ಸುಮಾರು 50 ಮೀಟರ್ ಉದ್ದ. ಮನೆಯ ಒಂದು ಇಡೀ ಬದಿಯೇ ಒಂದು ಕೋಣೆ. ಮಳೆಗಾಲದಲ್ಲಿ, ಚಳಿಯಲ್ಲಿ ಹೊರಗೆ ಹೋಗಲಾಗದೆ ಒಳಗೇ ನಡೆದಾಡುವ ಜಾಗ. ನೆಲಕ್ಕೆ ಹೆಣೆದ ಜೊಂಡಿನ ಚಾಪೆ ಹಾಸಿದ್ದಾರೆ. ಕಾಲಿಟ್ಟ ತಕ್ಷಣ ಒಂದು ವಾಸನೆ, ಸಣ್ಣ ಮಳೆ ಬಿದ್ದ ಮೇಲೆ ಹುಲ್ಲಿನ ಮೆದೆಯಿಂದ ಏಳುವಂಥದ್ದು. ಪರದೆಗಳನ್ನು ಇಳಿಸಿ ಬೆಳಕನ್ನು ತೀರಾ ಕಮ್ಮಿ ಮಾಡಿದ್ದಾರೆ. ಬೆಳಕಿಗೆಂದೇ ಕಟ್ಟಿದ ಮನೆ, ಈಗ ಅದೇ ಬೆಳಕಿನಿಂದ ಬಟ್ಟೆಯ ಬಣ್ಣ ಉಳಿಸಿಕೊಳ್ಳಲು ಒದ್ದಾಡುತ್ತಿದೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗೋಡೆಯ ಉದ್ದಕ್ಕೂ ಗಿಡಿಯನ್ ಟ್ಯಾಪೆಸ್ಟ್ರಿಗಳು ಒಂದೊಂದಾಗಿ ಮೇಲೇಳುತ್ತವೆ. ಬೈಬಲ್ಲಿನ ಗಿಡಿಯನ್ ಎಂಬ ದಳಪತಿಯ ಕಥೆ, 13 ತುಂಡು, ಒಂದೊಂದೂ ಸುಮಾರು 6 ಮೀಟರ್ ಎತ್ತರ.

ಇವುಗಳ ಹಿಂದೆ ಒಂದು ವ್ಯಾಪಾರದ ಕಥೆ ಇದೆ. ಮೊದಲು ಇವನ್ನು ನೇಯಿಸಿದ್ದು ರಾಣಿಯ ಮಂತ್ರಿ ಸರ್ ಕ್ರಿಸ್ಟೋಫರ್ ಹ್ಯಾಟನ್. ಅವನು ಸಾಲದಲ್ಲಿ ಸತ್ತ. ಬೆಸ್ ಅವನ ವಾರಸುದಾರನಿಂದ ಪೂರ್ತಿ ಸೆಟ್ ಕೊಂಡಳು, 326 ಪೌಂಡ್‌ಗೆ ಮಾತಾಡಿ. ಆದರೆ ಅದರಲ್ಲಿ ಹ್ಯಾಟನ್ ವಂಶದ ಲಾಂಛನ ಇದೆಯಲ್ಲ, ಅದನ್ನು ಬದಲಿಸುವ ಖರ್ಚು ಅಂತ 5 ಪೌಂಡ್ ಕಡಿಮೆ ಮಾಡಿಸಿಕೊಂಡಳು. ಹತ್ತಿರ ಹೋಗಿ ನೋಡಿದೆ. ಹ್ಯಾಟನ್‌ನ ಗುರುತು ಕೊಂಬಿಲ್ಲದ ಹೆಣ್ಣು ಜಿಂಕೆ. ಕ್ಯಾವೆಂಡಿಶ್‌ರದ್ದು ಕೊಂಬಿನ ಗಂಡು ಜಿಂಕೆ. ಬೆಸ್ ಮಾಡಿಸಿದ್ದು ಇಷ್ಟೇ: ಲಾಂಛನದ ಮೇಲೆ ತನ್ನದನ್ನು ಅಂಟಿಸಿ, ಹೆಣ್ಣು ಜಿಂಕೆಯ ತಲೆಗೆ ಕೊಂಬು ಸೇರಿಸಿದಳು. 5 ಪೌಂಡ್ ಉಳಿಸಿದವಳ ಲೆಕ್ಕಾಚಾರ ನೋಡಿ ನನಗೆ ಅವಳ ಮೇಲೆ ಗೌರವ ಜಾಸ್ತಿಯಾಯಿತು. ಈ 13 ತುಂಡುಗಳನ್ನು ತೊಳೆದು, ಹೊಲಿದು, ಮತ್ತೆ ತೂಗುಹಾಕುವ ಕೆಲಸ, ಇಂಥ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ 24 ವರ್ಷ ಹಿಡಿದು 2023ರಲ್ಲಿ ಮುಗಿಯಿತು.

ಕಸೂತಿಯಲ್ಲಿ ಆಸಕ್ತಿ ಇದ್ದವರು ಹಾರ್ಡ್‌ವಿಕ್‌ಗೆ ಹೋಗಲೇಬೇಕು. ಬೆಸ್ ಮತ್ತು ಸೆರೆಯಲ್ಲಿದ್ದ ರಾಣಿ ಮೇರಿ ಜೊತೆಗೆ ಕೂತು ಹೊಲಿಯುತ್ತಿದ್ದರು. ಇಲ್ಲಿ ನನಗೆ ಬಹಳ ಹಿಡಿಸಿದ್ದು ದೊಡ್ಡ ದೊಡ್ಡ ತೂಗುಬಟ್ಟೆಗಳು. ಹಳೆಯ ಪಾದ್ರಿಗಳ ರೇಷ್ಮೆ ನಿಲುವಂಗಿಗಳನ್ನು ಕತ್ತರಿಸಿ, ತುಂಡು ತುಂಡಾಗಿ ಜೋಡಿಸಿ, ಹಳೆಯ ಕಾಲದ ಧೀರ ಹೆಂಗಸರ ಚಿತ್ರ ಮಾಡಿದ್ದಾರೆ. ಲುಕ್ರೀಷಿಯಾ, ಜೆನೋಬಿಯಾ, ಪೆನೆಲೊಪಿ. ಯುದ್ಧಕ್ಕೆ ಹೋದ ಗಂಡನಿಗಾಗಿ ಇಪ್ಪತ್ತು ವರ್ಷ ಕಾದವಳು ಪೆನೆಲೊಪಿ. ಅವಳ ಆಚೀಚೆ ತಾಳ್ಮೆ ಮತ್ತು ಛಲ ಎರಡೂ ಹೆಣ್ಣು ರೂಪದಲ್ಲಿ ನಿಂತಿವೆ. ಬೆಸ್ ತನಗಾಗಿ ಆರಿಸಿಕೊಂಡ ಚಿತ್ರ ಇದೇ ಇರಬೇಕು ಅಂತ ನನಗನ್ನಿಸಿತು.

ಇಷ್ಟೆಲ್ಲ ವೈಭವ ಮೇಲಿದ್ದರೂ ಅವಳು ಬದುಕಿದ್ದು ನಡುವಿನ ಅಂತಸ್ತಿನ ತನ್ನ ಕೋಣೆಯಲ್ಲಿ. 1601ರಲ್ಲಿ ಅವಳು ಮನೆಯ ಸಾಮಾನಿನ ಪಟ್ಟಿ ಬರೆಸಿದಳು, ಆ ಪಟ್ಟಿ ಈಗಲೂ ಇದೆ. ಅವಳ ಮಲಗುವ ಕೋಣೆಯ ಲೆಕ್ಕ ಓದಿದರೆ ದಪ್ಪ ಪರದೆ, ಕೌದಿ, ಕಂಬಳಿಗಳ ರಾಶಿ. ವಯಸ್ಸಾದ ಹೆಂಗಸು, ಗಾಳಿ ನುಗ್ಗುವ ಗುಡ್ಡ, ಗಾಜಿನ ಗೋಡೆ. ಚಳಿ ಆಗದೆ ಇರುತ್ತದೆಯೇ? 1608ರಲ್ಲಿ ತೀರಿಕೊಂಡಳು. ಮಕ್ಕಳು ಮೊಮ್ಮಕ್ಕಳು ಮನೆತನದ ಇನ್ನೊಂದು ಮನೆಯಾದ ಚಾಟ್ಸ್‌ವರ್ತ್‌ನಲ್ಲೇ ಹೆಚ್ಚು ಇದ್ದುದರಿಂದ ಹಾರ್ಡ್‌ವಿಕ್‌ಗೆ ಹೊಸ ಫ್ಯಾಶನ್ ಅಂಟಲಿಲ್ಲ. ಅದರಿಂದಲೇ ಇದು ಉಳಿಯಿತು.

ಕಾರ್ ಪಾರ್ಕಿನಲ್ಲಿ ಅಕ್ಕ ತಂದಿದ್ದ ಚಿತ್ರಾನ್ನ ತಿಂದೆವು. ಜೂನ್ ತಿಂಗಳು, ರಾತ್ರಿ ಒಂಬತ್ತಾದರೂ ಬೆಳಕಿತ್ತು.

ಶುಕ್ರವಾರ: ಚಾಟ್ಸ್‌ವರ್ತ್

ಮ್ಯಾಟ್ಲಾಕ್, ರೌಸ್ಲಿ ದಾಟಿ ಡರ್ವೆಂಟ್ ಹೊಳೆಯ ಪಕ್ಕದಲ್ಲೇ ಹೋದರೆ ಚಾಟ್ಸ್‌ವರ್ತ್. ಬೆಸ್‌ಳ ಒತ್ತಾಯಕ್ಕೆ ಕ್ಯಾವೆಂಡಿಶ್ ಈ ಜಮೀನನ್ನು 1549ರಲ್ಲಿ 600 ಪೌಂಡ್‌ಗೆ ಕೊಂಡ. 1552ರಲ್ಲಿ ಮೊದಲ ಮನೆ ಶುರುವಾಯಿತು. ಈಗ ಕಾಣುವುದು ಅದಲ್ಲ. ಅವರ ವಂಶದ ಮೊದಲ ಡ್ಯೂಕ್ ಆಫ್ ಡೆವನ್‌ಶೈರ್ 1687ರಿಂದ 1707ರವರೆಗೆ ಒಂದೊಂದೇ ಪಕ್ಕ ಕೆಡವಿ, ಒಂದೊಂದೇ ಪಕ್ಕ ಕಟ್ಟಿಸಿದ ಮನೆ ಇದು. ಹೊಳೆ ಕಡೆಯಿಂದ ನೋಡಿದರೆ ಕಿಟಕಿಯ ಚೌಕಟ್ಟುಗಳಿಗೆ ಚಿನ್ನದ ಲೇಪ. ಹೊರಗಡೆ, ಮಳೆಗೆ ಬಿಸಿಲಿಗೆ ಒಡ್ಡಿಕೊಂಡು!

ಒಳಗೆ ಹೋದ ತಕ್ಷಣ ಪೇಂಟೆಡ್ ಹಾಲ್. ಗೋಡೆ, ಛಾವಣಿ ತುಂಬ ಲೂಯಿ ಲಾಗೇರ್ ಬಿಡಿಸಿದ ಜೂಲಿಯಸ್ ಸೀಸರನ ಕಥೆ. ಎರಡನೇ ಅಂತಸ್ತಿನಲ್ಲಿ ರಾಜಮರ್ಯಾದೆಯ ಕೋಣೆಗಳ ಸಾಲು. ದಿವಾನಖಾನೆ, ಅದರಾಚೆ ಸಂಗೀತದ ಕೋಣೆ, ಅದರಾಚೆ ಮಲಗುವ ಕೋಣೆ. ರಾಜ ಮೂರನೇ ವಿಲಿಯಂ ಮತ್ತು ರಾಣಿ ಎರಡನೇ ಮೇರಿ ಬಂದು ಉಳಿದುಕೊಳ್ಳಲಿ ಅಂತ ಡ್ಯೂಕ್ ಕಟ್ಟಿಸಿದ್ದು. ಆ ರಾಜನನ್ನು ಇಂಗ್ಲೆಂಡಿಗೆ ಕರೆಸಿದವರಲ್ಲಿ ಈ ಡ್ಯೂಕ್ ಕೂಡ ಒಬ್ಬ, ಡ್ಯೂಕ್ ಪದವಿ ಸಿಕ್ಕಿದ್ದೂ ಅದಕ್ಕೇ. ಅವರೂ ಬರಲಿಲ್ಲ.

ಆಮೇಲೆ ಆ ಮಲಗುವ ಕೋಣೆಗೆ ಒಬ್ಬ ರಾಜನ ಮಂಚವೇ ಬಂತು. ರಾಜ ಸತ್ತರೆ ಅವನ ಕೆಲವು ಸಾಮಾನು ಅರಮನೆಯ ಲಾರ್ಡ್ ಚೇಂಬರ್ಲೇನ್‌ಗೆ ಸೇರಬೇಕೆಂಬ ಪದ್ಧತಿ ಇತ್ತು. 1760ರಲ್ಲಿ ಎರಡನೇ ಜಾರ್ಜ್ ತೀರಿಕೊಂಡಾಗ ಆ ಹುದ್ದೆಯಲ್ಲಿದ್ದವನು ನಾಲ್ಕನೇ ಡ್ಯೂಕ್. ಹಾಗಾಗಿ ರಾಜ ಸತ್ತ ಮಂಚ ಇಲ್ಲಿಗೆ ಬಂತು. ಅಕ್ಕನಿಗೆ ಇದು ಸರಿಬರಲಿಲ್ಲ. "ಸತ್ತವರ ಮಂಚ ಯಾರು ತಂದು ಇಟ್ಕೋತಾರೆ?" ಅಂತ ಕನ್ನಡದಲ್ಲೇ ಗಟ್ಟಿಯಾಗಿ ಕೇಳಿದಳು.

ಸಂಗೀತದ ಕೋಣೆಯಲ್ಲಿ ಜನ ಒಂದು ಬಾಗಿಲ ಮುಂದೆ ಗುಂಪುಗೂಡಿದ್ದರು. ಅರ್ಧ ತೆರೆದ ಬಾಗಿಲು. ಅದರೊಳಗೆ ಇನ್ನೊಂದು ಬಾಗಿಲು, ಆ ಬಾಗಿಲ ಮೇಲೆ ಒಂದು ಮೊಳೆಗೆ ನೇತುಹಾಕಿದ ವಯೊಲಿನ್ ಮತ್ತು ಕಮಾನು. ವಯೊಲಿನ್ ಇಲ್ಲ. ಅದು ಚಿತ್ರ. ಯಾನ್ ವಾನ್ ಡರ್ ವಾರ್ಟ್ ಎಂಬ ಡಚ್ ಕಲಾವಿದ ಬಿಡಿಸಿದ್ದು. ಲಂಡನ್ನಿನ ಡೆವನ್‌ಶೈರ್ ಹೌಸ್‌ನಲ್ಲಿ ಇದ್ದದ್ದನ್ನು ಇಲ್ಲಿಗೆ ತಂದರು. ಮೊದಲ ನೋಟಕ್ಕೆ ನಾನು ನಂಬಿದೆ. ಎರಡನೇ ನೋಟಕ್ಕೂ ನಂಬಿದೆ. ಪಕ್ಕಕ್ಕೆ ಸರಿದು ನೋಡಿದಾಗ ಮೊಳೆಯ ನೆರಳು ನನ್ನ ಜೊತೆ ಸರಿಯಲಿಲ್ಲ, ಆಗ ಗೊತ್ತಾಯಿತು. ತಂತಿಯ ನೆರಳು ಮರದ ಮೇಲೆ ಎಷ್ಟು ತೆಳ್ಳಗೆ ಬಿದ್ದಿದೆಯೆಂದರೆ ಕುಂಚ ಹಿಡಿದ ಕೈಗೆ ಕೈಮುಗಿಯಬೇಕು.

ನಿಜ ಹೇಳಬೇಕೆಂದರೆ ರಾಜಕೋಣೆಗಳ ಸಾಲು ಮುಗಿಯುವ ಹೊತ್ತಿಗೆ ನನಗೆ ಸಾಕಾಗಿತ್ತು. ಎಲ್ಲ ಕಡೆ ಚಿನ್ನ, ಎಲ್ಲ ಛಾವಣಿಯಲ್ಲೂ ತೇಲುವ ದೇವತೆಗಳು. ಕಣ್ಣಿಗೆ ಕೂರಲು ಜಾಗವಿಲ್ಲ. ಆದರೆ ಚಾಪೆಲ್‌ಗೆ ಬಂದಾಗ ಮತ್ತೆ ಮನಸ್ಸು ಅರಳಿತು. 1693ರ ಹೊತ್ತಿಗೆ ಮುಗಿದ ಕೋಣೆ, ಅಲ್ಲಿಂದ ಈಚೆಗೆ ಹೆಚ್ಚೇನೂ ಬದಲಾಗಿಲ್ಲ. ಸುತ್ತ ಮರದ ಹಲಗೆ, ಎದುರಿಗೆ ಸ್ಥಳೀಯ ಅಲಬಾಸ್ಟರ್ ಕಲ್ಲಿನ ಪೀಠ, ಅದರ ನಡುವೆ ವೆರ್ರಿಯೋ ಬಿಡಿಸಿದ ಚಿತ್ರ. ಸಂಶಯಪಟ್ಟ ಶಿಷ್ಯ ಥಾಮಸ್ ಏಸುವಿನ ಗಾಯ ಮುಟ್ಟಿ ನೋಡುತ್ತಿದ್ದಾನೆ. ಅಲ್ಲಿ ನಾವು ಮೂವರೂ ತುಂಬ ಹೊತ್ತು ಕೂತೆವು.

ದಿವಾನಖಾನೆಯಲ್ಲಿದ್ದ ಸ್ವಯಂಸೇವಕಿಯೊಬ್ಬರು ಯುದ್ಧಕಾಲದ ವಿಷಯ ಹೇಳಿದರು. 1939ರಲ್ಲಿ ಯುದ್ಧ ಶುರುವಾದಾಗ ದೊಡ್ಡ ಮನೆಗಳನ್ನು ಸರ್ಕಾರ ಸೈನ್ಯಕ್ಕೆ ವಹಿಸಿಕೊಳ್ಳುತ್ತಿತ್ತು. ಹತ್ತನೇ ಡ್ಯೂಕ್ ಸೈನಿಕರಿಗಿಂತ ಹುಡುಗಿಯರು ವಾಸಿ ಅಂತ ಪೆನ್‌ರೋಸ್ ಕಾಲೇಜ್ ಎಂಬ ವೇಲ್ಸಿನ ಹುಡುಗಿಯರ ಬೋರ್ಡಿಂಗ್ ಶಾಲೆಗೆ ಮನೆ ಬಿಟ್ಟುಕೊಟ್ಟ. ರಾಜನಿಗಾಗಿ ಕಟ್ಟಿದ ಕೋಣೆಗಳಲ್ಲಿ ಹುಡುಗಿಯರು ಸಾಲು ಮಂಚ ಹಾಕಿಕೊಂಡು 1946ರವರೆಗೆ ಮಲಗಿದರು. ಚಳಿಗಾಲದಲ್ಲಿ ಆ ಎತ್ತರದ ಛಾವಣಿಯ ಕೆಳಗೆ ಎಷ್ಟು ನಡುಗಿರಬೇಡ ಆ ಮಕ್ಕಳು! ಈ ಕೋಣೆಗಳಿಗೆ ನಿಜವಾದ ಜೀವ ಬಂದದ್ದು ಆ ಆರೇಳು ವರ್ಷ ಅಂತ ನನ್ನ ಭಾವನೆ.

ಆ ಡ್ಯೂಕ್ ಆಸ್ತಿಯನ್ನು ಮಗನ ಹೆಸರಿಗೆ ಮಾಡಿದ್ದ. ಮಾಡಿ ಐದು ವರ್ಷ ಬದುಕಿದ್ದರೆ ತೆರಿಗೆ ಬೀಳುತ್ತಿರಲಿಲ್ಲ. ಕೆಲವೇ ತಿಂಗಳು ಬಾಕಿ ಇರುವಾಗ, 1950ರ ನವೆಂಬರ್‌ನಲ್ಲಿ, ಸತ್ತುಹೋದ. ಶೇಕಡಾ 80ರಷ್ಟು ತೆರಿಗೆ ಬಂತು. ಸಾವಿರಾರು ಎಕರೆ ಜಮೀನು, ಬೆಲೆಬಾಳುವ ಚಿತ್ರಗಳು ಹೋದವು. ಹಾರ್ಡ್‌ವಿಕ್ ಹಾಲ್ ಕೂಡ ತೆರಿಗೆಯ ಬದಲಿಗೆ ಸರ್ಕಾರಕ್ಕೆ ಹೋಗಿ, 1959ರಲ್ಲಿ ನ್ಯಾಷನಲ್ ಟ್ರಸ್ಟ್ ಕೈಸೇರಿತು. ಚಾಟ್ಸ್‌ವರ್ತ್ ಈಗ ಒಂದು ಟ್ರಸ್ಟಿನ ವಶದಲ್ಲಿದೆ. ಡ್ಯೂಕ್ ಮನೆತನದವರು ತಾವಿರುವ ಭಾಗಕ್ಕೆ ಬಾಡಿಗೆ ಕೊಡುತ್ತಾರೆ.

ತೋಟದ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಒಂದೆರಡು ಮಾತು ಮಾತ್ರ. ಆರನೇ ಡ್ಯೂಕ್ 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಎಳೆಯ ಹುಡುಗನನ್ನು ಮುಖ್ಯ ತೋಟಗಾರನಾಗಿ ಇಟ್ಟುಕೊಂಡ. ರೈತನ ಮಗ. ರಷ್ಯಾದ ಜಾರ್ ಮೊದಲನೇ ನಿಕೊಲಸ್ ಬರುತ್ತಾನೆಂದು 1844ರಲ್ಲಿ ಎಂಪರರ್ ಫೌಂಟನ್ ಮಾಡಿದವನು ಅವನೇ. ಬೆಟ್ಟದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿ, ಪಂಪ್ ಇಲ್ಲದೆ ಬರೀ ಎತ್ತರದ ಒತ್ತಡದಿಂದಲೇ ನೀರು ಚಿಮ್ಮಿಸಿದ. 90 ಮೀಟರ್ ಎತ್ತರ ಹೋದ ದಾಖಲೆ ಇದೆ. ಜಾರ್ ಕೂಡ ಬರಲಿಲ್ಲ. ಅಷ್ಟು ಹೊತ್ತಿಗೆ ನಾವು ಮೂವರಿಗೂ ಈ ಮನೆಗಳ ಹಣೆಬರಹ ಅರ್ಥವಾಗಿತ್ತು.

ಪ್ಯಾಕ್ಸ್‌ಟನ್ ಕಟ್ಟಿದ ಭಾರೀ ಗಾಜಿನ ಮನೆ, ಗ್ರೇಟ್ ಕನ್ಸರ್ವೇಟರಿ, ಈಗ ಇಲ್ಲ. ನೆಲದಡಿಯ ಒಲೆಗಳಲ್ಲಿ ಕಲ್ಲಿದ್ದಲು ಉರಿಸಿ ಅದನ್ನು ಬೆಚ್ಚಗೆ ಇಡುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಆದರೆ ಅವನು ಇಲ್ಲಿ ಬೆಳೆಸಿದ ಒಂದು ಗಿಡ ನಮ್ಮ ಊರಿನವರೆಗೂ ಗೊತ್ತು. 1830ರ ದಶಕದಲ್ಲಿ ಮಾರಿಷಸ್ ಮೂಲಕ ಬಂದ ಒಂದು ಗಿಡ್ಡ ಬಾಳೆಯನ್ನು ಅವನು ಇಲ್ಲಿ ಬೆಳೆಸಿ, ಹಣ್ಣು ಬಿಡಿಸಿ, ಯಜಮಾನರ ಮನೆತನದ ಹೆಸರಿಟ್ಟ. ಅದೇ ಕ್ಯಾವೆಂಡಿಶ್ ಬಾಳೆ. ನಮ್ಮ ಪಚ್ಚಬಾಳೆ, ಈಗ ಕರ್ನಾಟಕದ ತೋಟಗಳಲ್ಲಿ ಎಲ್ಲೆಲ್ಲೂ ಕಾಣುವ ಜಿ-9, ಎಲ್ಲ ಅದೇ ಗುಂಪಿನವು. ಭಾವ ಈ ಮಾತು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಅವರ ತಂದೆ ಊರಲ್ಲಿ ಎರಡು ಎಕರೆ ಜಿ-9 ಹಾಕಿದ್ದರು.

ಶನಿವಾರ: ಎಡೆನ್ಸರ್

ಮಧ್ಯಾಹ್ನದವರೆಗೆ ಮಳೆ. ಆಮೇಲೆ ಎಡೆನ್ಸರ್‌ಗೆ ಹೋಗಿಬಂದೆವು. ಚಾಟ್ಸ್‌ವರ್ತ್‌ಗೆ ಸೇರಿದ ಹಳ್ಳಿ. ಮೊದಲು ಹೊಳೆಯ ಹತ್ತಿರ ಮನೆಯ ಕಣ್ಣಳತೆಯಲ್ಲೇ ಇತ್ತು. ಡ್ಯೂಕ್‌ಗಳಿಗೆ ಕಿಟಕಿಯಿಂದ ಬಡವರ ಮನೆ ಕಾಣಬಾರದಿತ್ತು. ಸ್ವಲ್ಪ ಭಾಗ ಮೊದಲೇ ತೆಗೆಸಿದ್ದರು, ಉಳಿದದ್ದನ್ನು ಆರನೇ ಡ್ಯೂಕ್ 1838ರಿಂದ ಈಚೆ ದಿಬ್ಬದ ಮರೆಗೆ ಸಾಗಿಸಿದ. ಹೊಸ ಮನೆಗಳು ಚೆನ್ನಾಗಿವೆ, ಒಂದರಂತೆ ಇನ್ನೊಂದಿಲ್ಲ. ಒಂದು ಸ್ವಿಸ್, ಒಂದು ಇಟಾಲಿಯನ್, ಒಂದು ಹಳೇ ಇಂಗ್ಲಿಷ್. ಹಳೆಯ ಹಳ್ಳಿಯ ಒಂದೇ ಒಂದು ಮನೆ ರಸ್ತೆಯ ಆಚೆ ಒಂಟಿಯಾಗಿ ಉಳಿದುಕೊಂಡಿದೆ.

ಚರ್ಚಿನ ಅಂಗಳದಲ್ಲಿ ಪ್ಯಾಕ್ಸ್‌ಟನ್‌ನ ಗೋರಿ ದೊಡ್ಡದು. ಅವನು 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿ ಸರ್ ಜೋಸೆಫ್ ಆಗಿದ್ದ. ಇನ್ನೂ ಮೇಲೆ, ಡ್ಯೂಕ್‌ಗಳ ಸಾಲಿನಲ್ಲಿ ಕ್ಯಾಥ್ಲೀನ್ ಕೆನಡಿಯ ಸಮಾಧಿ. ಈ ಮನೆತನದ ಹಿರಿಮಗನನ್ನು ಮದುವೆಯಾಗಿದ್ದವಳು. ಗಂಡ ಯುದ್ಧದಲ್ಲಿ ಸತ್ತ, 1948ರಲ್ಲಿ ವಿಮಾನ ಬಿದ್ದು ಅವಳೂ ಸತ್ತಳು. ಅವಳ ಅಣ್ಣ, ಅಮೆರಿಕದ ಅಧ್ಯಕ್ಷ ಕೆನಡಿ, 1963ರ ಜೂನ್‌ನಲ್ಲಿ ಇಲ್ಲಿ ಬಂದು ನಿಂತಿದ್ದ.

ಭಾನುವಾರ: ಕೆಡಲ್‌ಸ್ಟನ್ ಹಾಲ್

ಇದು ಅಕ್ಕನ ಮನೆಯಿಂದ ಹತ್ತು ಹದಿನೈದು ನಿಮಿಷದ ದಾರಿ. ಅವಳು ಇಷ್ಟು ವರ್ಷ ಇದ್ದರೂ ಪಾರ್ಕಿನಲ್ಲಿ ಓಡಾಡಿದ್ದು ಬಿಟ್ಟರೆ ಒಳಗೆ ಹೋಗಿರಲಿಲ್ಲ. "ಕರ್ಜನ್ ಮನೆ ಅಲ್ವಾ, ಯಾಕೋ ಮನಸ್ಸು ಬರಲಿಲ್ಲ" ಅಂದಳು.

ಕರ್ಜನ್ ಮನೆತನ ಇಲ್ಲಿ ಹನ್ನೆರಡನೇ ಶತಮಾನದಿಂದ ಇದೆ. ಈಗಿನ ಮನೆಯನ್ನು 1759ರಲ್ಲಿ ಶುರುಮಾಡಿದವನು ಸರ್ ನಥಾನಿಯಲ್ ಕರ್ಜನ್. ಇಲ್ಲಿಯೂ ಒಂದು ಹಳ್ಳಿ ಜಾಗ ಬಿಟ್ಟು ಹೋಗಬೇಕಾಯಿತು. ಚರ್ಚ್ ಮಾತ್ರ ಮನೆಯ ಪಕ್ಕಕ್ಕೆ ಅಂಟಿಕೊಂಡು ಉಳಿದಿದೆ. ಇಬ್ಬರು ವಾಸ್ತುಶಿಲ್ಪಿಗಳು ಬದಲಾದ ಮೇಲೆ, 1760ರ ಹೊತ್ತಿಗೆ, ರೋಮ್‌ನಿಂದ ಆಗಷ್ಟೇ ಬಂದಿದ್ದ ರಾಬರ್ಟ್ ಆಡಮ್ ಕೆಲಸ ವಹಿಸಿಕೊಂಡ. ರೋಮ್‌ನ ಕಲ್ಲುಗಳನ್ನೆಲ್ಲ ಅಳೆದು ಬಂದವನು ಅದನ್ನು ಇಲ್ಲಿ ಮತ್ತೆ ಕಟ್ಟಿದ. ಹಿಂಬದಿಯ ಮುಖಕ್ಕೆ ಕಾನ್‌ಸ್ಟಂಟೀನ್ ಕಮಾನಿನ ಮಾದರಿ, ಒಳಗಿನ ದುಂಡು ಸಲೂನ್‌ಗೆ ಪ್ಯಾಂಥಿಯನ್‌ನ ಮಾದರಿ.

ಮಾರ್ಬಲ್ ಹಾಲ್‌ನಲ್ಲಿ 20 ಕಂಬಗಳು. ಒಂದೊಂದೂ 25 ಅಡಿ ಎತ್ತರ. ನಾಟಿಂಗ್‌ಹ್ಯಾಮ್‌ಶೈರ್‌ನ ಅಲಬಾಸ್ಟರ್, ತಿಳಿಗೆಂಪು ಮತ್ತು ಹಾಲು ಬಣ್ಣದ ಗೀರುಗಳು. ಗೋಡೆಗೆ ಕಿಟಕಿ ಇಲ್ಲ, ಬೆಳಕು ಮೇಲಿನಿಂದ ಮಾತ್ರ. ಮೊದಲು ಕಂಬಗಳು ನುಣುಪಾಗಿದ್ದವು. 1770ರ ದಶಕದಲ್ಲಿ, ನಿಂತ ಕಂಬಗಳಿಗೇ ಉದ್ದುದ್ದ ತೋಡುಗಳನ್ನು ಕೊರೆದರು. ಒಂದು ಉಳಿ ಜಾರಿದರೆ ಕಂಬವೇ ಹೋಗುತ್ತಿತ್ತು. ಅಲ್ಲಿದ್ದ ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಆ ಕಲ್ಲುಕುಟಿಗರ ಕೈ.

ಈ ನಡುವಿನ ಭಾಗದಲ್ಲಿ ಯಾರೂ ವಾಸವಿರಲಿಲ್ಲ. ಮನೆಯವರು ಪಕ್ಕದ ಒಂದು ರೆಕ್ಕೆಯಲ್ಲಿ, ಅಡುಗೆಮನೆ ಇನ್ನೊಂದು ರೆಕ್ಕೆಯಲ್ಲಿ, ಎರಡಕ್ಕೂ ಬಾಗಿದ ಓಣಿಯ ಜೋಡಣೆ. ನಡುವಿನದು ತೋರಿಸುವುದಕ್ಕೆ. ಮೊದಲಿನಿಂದಲೂ ಜನ ಬಂದು ನೋಡುತ್ತಿದ್ದರು. ತೋರಿಸುತ್ತಿದ್ದವರು ಮನೆ ನೋಡಿಕೊಳ್ಳುತ್ತಿದ್ದ ಮಿಸೆಸ್ ಗಾರ್ನೆಟ್. 1777ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಡಾಕ್ಟರ್ ಜಾನ್ಸನ್ ಮತ್ತು ಅವರ ಜೀವನಚರಿತ್ರೆ ಬರೆದ ಬಾಸ್‌ವೆಲ್‌ಗೂ ಅವರೇ ತೋರಿಸಿದ್ದು. ಇದು ಊರಿನ ಸಭಾಭವನಕ್ಕೆ ಚೆನ್ನಾಗಿ ಒಪ್ಪುತ್ತದೆ ಅಂತ ಜಾನ್ಸನ್ ಅಂದಿದ್ದರು. ಗಾರ್ನೆಟ್‌ರ ಭಾವಚಿತ್ರ ಇಲ್ಲಿದೆ, ಕೈಯಲ್ಲಿ ಮನೆಯ ವಿವರದ ಪುಸ್ತಕ. ಡ್ಯೂಕ್, ಅರ್ಲ್‌ಗಳ ನೂರಾರು ಚಿತ್ರ ನೋಡಿದ ಮೇಲೆ ಕೆಲಸದಾಕೆಯ ಈ ಒಂದು ಮುಖ ನನಗೆ ಬಹಳ ಹತ್ತಿರವೆನಿಸಿತು.

ಅತಿಥಿಗೆ ಇಟ್ಟ ದೊಡ್ಡ ಮಂಚ ಇಲ್ಲೂ ಇದೆ. ಕಾಲುಗಳು ತಾಳೆ ಮರದ ಕಾಂಡ. ಬುಡದಲ್ಲಿ ಬೇರು, ಮೇಲೆ ಬಾಗಿ ಹರಡಿದ ಗರಿ, ಎಲ್ಲಕ್ಕೂ ಚಿನ್ನದ ಲೇಪ. ತಾಳೆ ಬೆಳೆಯದ ನಾಡಿನ ಬಡಗಿ ಕೆತ್ತಿದ್ದರೂ ಕಾಂಡದ ಗಂಟು ಗಂಟು ಸರಿಯಾಗಿದೆ.

ಕೆಳಗಿನ ಅಂತಸ್ತಿನಲ್ಲಿ ಈಸ್ಟರ್ನ್ ಮ್ಯೂಸಿಯಂ. ಲಾರ್ಡ್ ಕರ್ಜನ್ ಹುಟ್ಟಿದ್ದು 1859ರಲ್ಲಿ, ಇದೇ ಮನೆಯಲ್ಲಿ. 1899ರಿಂದ 1905ರವರೆಗೆ ಭಾರತದ ವೈಸರಾಯ್. ಬಂಗಾಳವನ್ನು ಒಡೆದವನು. ಹಳೆಯ ಸ್ಮಾರಕಗಳನ್ನು ಕಾಪಾಡುವ 1904ರ ಕಾನೂನು ತಂದವನೂ ಅವನೇ. ಎರಡನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ. ದಂತ, ಬೆಳ್ಳಿ, ಆಯುಧ, ಮರದ ಕೆತ್ತನೆ, ಏಷ್ಯಾದಲ್ಲೆಲ್ಲ ಓಡಾಡಿ ಕೂಡಿಹಾಕಿದ್ದು ಗಾಜಿನ ಪೆಟ್ಟಿಗೆಗಳಲ್ಲಿದೆ.

ಎಲ್ಲರೂ ನಿಲ್ಲುವುದು ನವಿಲಿನ ಗೌನ್ ಮುಂದೆ. 1903ರ ದೆಹಲಿ ದರ್ಬಾರ್‌ನಲ್ಲಿ ಕರ್ಜನ್ ಹೆಂಡತಿ ಮೇರಿ ಉಟ್ಟದ್ದು. ಹೊಲಿದದ್ದು ಪ್ಯಾರಿಸ್ಸಿನ ವರ್ತ್ ಅಂಗಡಿ. ಬಟ್ಟೆಯ ಮೇಲಿನ ಜರಿ ಕೆಲಸ ಪೂರ್ತಿ ನಮ್ಮ ದೇಶದ ಕುಶಲಕರ್ಮಿಗಳದು. ಒಂದರ ಮೇಲೊಂದು ಬಿದ್ದ ನವಿಲುಗರಿಗಳು, ಪ್ರತಿ ಗರಿಯ ಕಣ್ಣಿನಲ್ಲಿ ಹಸಿರು ಜೀರುಂಡೆಯ ರೆಕ್ಕೆಯ ಚೂರು. ಜರಿ ಕಪ್ಪಾಗುತ್ತ ಬಂದಿದೆ. ರೆಕ್ಕೆಯ ಹಸಿರು ಸ್ವಲ್ಪವೂ ಮಾಸಿಲ್ಲ, ಬಗ್ಗಿ ನೋಡಿದರೆ ನೀಲಿಗೆ ತಿರುಗುತ್ತದೆ. ತೂಕ ನಾಲ್ಕೂವರೆ ಕಿಲೋದ ಹತ್ತಿರ. ಆ ದರ್ಬಾರಿಗೆ ಎರಡು ಮೂರು ವರ್ಷ ಮುಂಚೆ, 1899-1900ರಲ್ಲಿ, ದೇಶದಲ್ಲಿ ಭೀಕರ ಬರ. ಗೌನ್ ಎಷ್ಟು ಚೆಂದವೋ ಅಷ್ಟೇ ಹೊಟ್ಟೆ ಉರಿಯಿತು. ಅಕ್ಕ ಮಾತಾಡಲಿಲ್ಲ. ಜರ್ದೋಸಿ ಹೊಲಿದ ಕೈಗಳಿಗೆ ಎಷ್ಟು ಕೂಲಿ ಸಿಕ್ಕಿತೋ ಅಂತ ಕೊನೆಗೆ ಕೇಳಿದಳು.

ಪಕ್ಕದ ಚರ್ಚಿನಲ್ಲಿ ಗಂಡ ಹೆಂಡತಿ ಇಬ್ಬರ ಬಿಳಿ ಅಮೃತಶಿಲೆಯ ಮೂರ್ತಿಗಳು ಹಸಿರು ಕಲ್ಲಿನ ನೆಲದ ನಡುವೆ ಪಕ್ಕಪಕ್ಕ ಮಲಗಿವೆ. ಮೇರಿ 1906ರಲ್ಲಿ ಸಣ್ಣ ವಯಸ್ಸಿಗೇ ಹೋದಳು. ಕರ್ಜನ್ 1925ರಲ್ಲಿ.

ಕೆಡಲ್‌ಸ್ಟನ್ ನಕ್ಷೆಯಲ್ಲಿ ನಾಲ್ಕು ರೆಕ್ಕೆಗಳಿದ್ದವು. ಇಲ್ಲಿ ಕಟ್ಟಿದ್ದು ಎರಡೇ. ನಾಲ್ಕೂ ಕಟ್ಟಿದ್ದು ಕೊಲ್ಕತ್ತಾದಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿ ಇದೇ ಮನೆಯ ಮಾದರಿಯಲ್ಲಿ 1799ರಲ್ಲಿ ಅಲ್ಲಿನ ಗವರ್ನ್‌ಮೆಂಟ್ ಹೌಸ್ ಶುರುಮಾಡಿಸಿದ. ನಕ್ಷೆ ಚಾರ್ಲ್ಸ್ ವಯಟ್‌ನದು, ಮುಗಿದದ್ದು 1803ರಲ್ಲಿ. ಅದೇ 1799ರ ಮೇ ತಿಂಗಳಲ್ಲಿ ಅವನ ಸೈನ್ಯ ಶ್ರೀರಂಗಪಟ್ಟಣ ಹಿಡಿದಿತ್ತು, ಟಿಪ್ಪು ಸತ್ತಿದ್ದ. ನೂರು ವರ್ಷದ ಮೇಲೆ ಕರ್ಜನ್ ವೈಸರಾಯ್ ಆಗಿ ಹೋಗಿ ಇಳಿದದ್ದು ಆ ಮನೆಯಲ್ಲೇ. ತಾನು ಹುಟ್ಟಿದ ಮನೆಯದೇ ಪಡಿಯಚ್ಚು. ಈಗ ಅದು ಪಶ್ಚಿಮ ಬಂಗಾಳದ ರಾಜ್ಯಪಾಲರ ನಿವಾಸ.

"ಹಾಗಾದ್ರೆ ಈ ಮನೆ ಪೂರ್ತಿ ನೋಡ್ಬೇಕು ಅಂದ್ರೆ ಕೊಲ್ಕತ್ತಾಗೇ ಹೋಗ್ಬೇಕು" ಅಂದರು ಭಾವ, ಕಾರಿನ ಬೀಗ ತೆಗೆಯುತ್ತ. ಅಕ್ಕ ಮುಂದಿನ ರಜೆ ಯಾವಾಗ ಅಂತ ಆಗಲೇ ಲೆಕ್ಕ ಹಾಕುತ್ತಿದ್ದಳು.